ಇನ್ನಾ ಹಣ್ಣಾಗಿಲ್ಲ

ಮುರಗೆಪ್ಪ ಆವತ್ತು ಖುಷಿಯಿಂದ ಬಂದಿದ್ದ. ನಂದಕಿಶೋರನಿಗೆ ಇವತ್ತಿಗೂ ನುಂಗಲಾಗದ್ದು ಅದೇ. ಅಳುತ್ತ ಬಂದಿದ್ದರೆ, ಜಗಳಕ್ಕೆ ಬಂದಿದ್ದರೆ, ಹುನ್ನೂರಿನ ಹತ್ತು ಮಂದಿಯನ್ನು ಕಟ್ಟಿಕೊಂಡು ಬಂದು ಮೇಜು ಗುದ್ದಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆ ಮನುಷ್ಯ ಎಣ್ಣೆ ಹಚ್ಚಿ ಜಳಕ ಮಾಡಿ, ಒಗೆದ ಧೋತರ ಉಟ್ಟು, ತಲೆಗೆ ಹಳದಿ ರುಮಾಲು ಸುತ್ತಿ, ಸೊಸೆ ಸಂಧ್ಯಾಳ ಹೆಗಲ ಮೇಲೆ ಕೈಯಿಟ್ಟುಕೊಂಡು ದವಾಖಾನೆಯ ಕಣ್ಣಿನ ಕೋಣೆಗೆ ಬಂದ. ಇನ್ನೊಂದು ಕೈಯಲ್ಲಿ ಹಳೇ ಟಾವೆಲಿನಲ್ಲಿ ಕಟ್ಟಿದ ಬೆಲ್ಲದ ಪೆಂಟೆ. ಬೀಗರ ಮನೆಗೆ ಹೊರಟವನ ಹಾಗಿದ್ದ.

"ಹಣ್ಣಾಗೇತ್ರಿ ಸಾಹೇಬ್ರ," ಅಂದ. "ಎರಡೂ ಪೂರಾ ಹಣ್ಣಾಗ್ಯಾವ. ಲೈಟ್ ಹಚ್ಚಿದ್ದೂ ತಿಳಿಯೂದಿಲ್ಲ. ಈಗ ತಗೀರಿ."

ನಂದಕಿಶೋರನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಮೂರು ವರ್ಷದಿಂದ ತಾನು ಹೇಳುತ್ತ ಬಂದ ಮಾತನ್ನು ಈತ ಚಾಚೂ ತಪ್ಪದೆ ಪಾಲಿಸಿ, ಈಗ ಎದುರಿನ ಸ್ಟೂಲಿನ ಮೇಲೆ ಕೂತಿದ್ದ.

ನಂದಕಿಶೋರ ಡಾಕ್ಟರನಲ್ಲ. ಈ ಮಾತನ್ನು ಜಮಖಂಡಿಯಿಂದ ಬೀಳಗಿಯವರೆಗೆ ಯಾರಿಗೆ ಹೇಳಿದರೂ ನಂಬುವುದಿಲ್ಲ, ಆ ಮಾತು ಬೇರೆ. ಸರಕಾರದ ಕಾಗದದಲ್ಲಿ ಅವನು ನೇತ್ರಾಧಿಕಾರಿ. ಊರೂರು ತಿರುಗಿ ಕಣ್ಣು ನೋಡಬೇಕು, ಚಾಳೀಸಿನ ನಂಬರು ಬರೆದುಕೊಡಬೇಕು, ಪೊರೆ ಬಂದವರನ್ನು ಹುಡುಕಿ ಆಪರೇಶನ್ನಿಗೆ ಕಳಿಸಬೇಕು. ಕೊಯ್ಯುವ ಡಾಕ್ಟರು ಒಂದು ಕಣ್ಣಿಗೆ ಹತ್ತು ನಿಮಿಷದ ನೆಂಟ. ಜನ ವರ್ಷವಿಡೀ ಕಾಣುವ ಮುಖ ನಂದಕಿಶೋರನದು. ಹಾಗಾಗಿ ಅವನು "ಕಣ್ಣಿನ ಸಾಹೇಬ್ರು" ಆಗಿದ್ದ, ಮತ್ತು ಆ ಹೆಸರು ಅವನಿಗೆ ಒಳಗೊಳಗೇ ಇಷ್ಟವಾಗಿತ್ತು.

ದೇಶದಲ್ಲಿ ತಪ್ಪಿಸಬಹುದಾದ ಕುರುಡುತನ ಇರಬಾರದು ಎಂದು ದಿಲ್ಲಿಯಲ್ಲಿ ಕೂತವರು ಯೋಜನೆ ಮಾಡಿದ್ದರು. ಆ ಯೋಜನೆಯ ಮೇಲೆ ಗೂಬೆ ಕೂರಿಸುವುದು ಬೇಡ. ಹತ್ತು ನಿಮಿಷದಲ್ಲಿ ತೆಗೆಯಬಹುದಾದ ಪೊರೆಗಾಗಿ ಒಬ್ಬ ಮುದುಕಿ ಹತ್ತು ವರ್ಷ ಕತ್ತಲಲ್ಲಿ ಕೂರುವುದು ನಾಚಿಕೆಗೇಡು, ಅಷ್ಟೇ ಅವರು ಹೇಳಿದ್ದು. ಮನೆಮನೆಗೆ ಹೋಗಿ, ಮೂರು ಮೀಟರು ದೂರ ನಿಂತು ಬೆರಳು ತೋರಿಸಿ. ಎಣಿಸಲಾಗದವರನ್ನು ಮೊದಲು ಕರೆತನ್ನಿ. ಅಂಥವರು ಒಬ್ಬರೂ ಉಳಿಯದ ಊರನ್ನು ಪೊರೆಮುಕ್ತ ಗ್ರಾಮವೆಂದು ಘೋಷಿಸಿ. ನಂದಕಿಶೋರನಿಗೆ ಇದರ ಹುಚ್ಚೇ ಹಿಡಿದಿತ್ತು. ಎರಡು ತಾಲೂಕಿನ ಶಿಬಿರಗಳು ಅವನ ಪಾಲಿಗಿದ್ದವು, ಮೂರು ವರ್ಷದಲ್ಲಿ ನಲವತ್ತೊಂದು ಊರು ಮುಗಿಸಿದ. ಮಗಳಿಗೆ ಬಂದ ಗಂಡಿನ ಮನೆಯವರ ಫೋಟೋ ತೋರಿಸಿದರೆ ಇವರು ಗಂಡನ್ನು ಬಿಟ್ಟು ಅವನ ಅಜ್ಜಿಯ ಕಣ್ಣು ನೋಡುತ್ತಾರೆ ಎಂದು ಹೆಂಡತಿ ಹರ್ಷದಾ ನೆರೆಹೊರೆಯವರ ಮುಂದೆ ನಗುತ್ತಿದ್ದಳು. ರಾಜ್ಯಮಟ್ಟದ ಪ್ರಶಂಸಾಪತ್ರವೊಂದು ಕಟ್ಟು ಹಾಕಿಸಿಕೊಂಡು ಕಣ್ಣಿನ ಕೋಣೆಯ ಗೋಡೆಗೆ ಏರಿತು.

ಆದರೆ ಬೆರಳು ಎಣಿಸಬಲ್ಲವರೂ ಶಿಬಿರಕ್ಕೆ ಬರುತ್ತಿದ್ದರಲ್ಲ? ಮಂಜು ಮಂಜು ಅನ್ನುವವರು, ಸಂಜೆಯಾದರೆ ಎಡವುವವರು. ಅವರನ್ನು ಮನೆಗೆ ಕಳಿಸಬೇಕಿತ್ತು, ಕಳಿಸಲು ಒಂದು ಮಾತು ಬೇಕಿತ್ತು. ಆ ಮಾತು ತಯಾರಾಗಿಯೇ ಇತ್ತು: "ಇನ್ನಾ ಹಣ್ಣಾಗಿಲ್ಲ. ಹಣ್ಣಾದ ಮ್ಯಾಲ ಬಾ." ಪೊರೆ ಹಣ್ಣಾಗುವ ತನಕ ಕಾಯುತ್ತಿದ್ದದ್ದು ಅಜ್ಜನ ಕಾಲದ ಡಾಕ್ಟರರು. ಈಗ ಯಾರೂ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಇದು ನಂದಕಿಶೋರನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೊಲಮನೆ ಮಾಡುವ ಜನಕ್ಕೆ ಹಣ್ಣು ಕಾಯಿಯ ಮಾತು ಥಟ್ಟನೆ ತಿಳಿಯುತ್ತದೆ. ಯಾರೂ ವಾದ ಮಾಡುವುದಿಲ್ಲ, ಸಾಲು ಮುಂದಕ್ಕೆ ಸರಿಯುತ್ತದೆ.

ಮುರಗೆಪ್ಪನಿಗಂತೂ ಆ ಮಾತು ಉಳಿದವರಿಗಿಂತ ಜಾಸ್ತಿ ಹಿಡಿಸಿತ್ತು. ಅವನು ಹುನ್ನೂರಿನ ಗಾಣದ ಮನೆಯಲ್ಲಿ ಬೆಲ್ಲದ ಹದ ನೋಡುವವನು. ಹದಿನಾರನೇ ವಯಸ್ಸಿಗೆ ಕೊಪ್ಪರಿಗೆಯ ಪಕ್ಕ ನಿಂತವನು ಅರವತ್ತನಾಲ್ಕು ತುಂಬಿದರೂ ಅಲ್ಲೇ ಇದ್ದ. ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವ ಒಂದು ಗಳಿಗೆ ಇರುತ್ತದೆ. ಅದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ದಾಟಿದರೆ ಕರಕಾಗುತ್ತದೆ. ಇಳಿಸಿ ಅನ್ನುವ ಹಕ್ಕು ಆ ಗಾಣದಲ್ಲಿ ಅವನೊಬ್ಬನದು. ಆದ್ದರಿಂದ ಸಾಹೇಬರು ಇನ್ನೂ ಹಣ್ಣಾಗಿಲ್ಲ ಅಂದಾಗ, ತನ್ನಂಥದೇ ಕಸುಬಿನವನ ಮಾತು ಕೇಳಿದವನ ಹಾಗೆ ತಲೆದೂಗಿದ್ದ. ಹದಕ್ಕೆ ಮೊದಲು ಇಳಿಸಬಾರದು, ಖರೆ ಅಂದಿದ್ದ.

ಮೊದಲ ವರ್ಷ ಅವನು ಹುನ್ನೂರ ಶಾಲೆಯ ಶಿಬಿರದಲ್ಲಿ ಹೇಳಿದ್ದು, ಎದುರಿನದು ಕಾಣುತ್ತದೆ, ಮಗ್ಗುಲಿಗೆ ಬಂದವರು ಮೈಗೆ ತಾಗಿದ ಮೇಲೇ ತಿಳಿಯುತ್ತದೆ ಎಂದು. ನಂದಕಿಶೋರ ಬ್ಯಾಟರಿ ಬಿಟ್ಟು ನೋಡಿದ. ವಯಸ್ಸಿಗೆ ತಕ್ಕ ಸಣ್ಣ ಬೂದಿ ಬಣ್ಣ ಪಾಪೆಯೊಳಗೆ ಇತ್ತು. ಮೂರು ಬೆರಳು ತೋರಿಸಿದರೆ ಮೂರು ಅಂದ, ಎರಡು ತೋರಿಸಿದರೆ ಎರಡು. ಇನ್ನಾ ಹಣ್ಣಾಗಿಲ್ಲ. ಎರಡನೇ ವರ್ಷ, ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದೆ ಅಂದ. ಹಿಂದೆ ನೂರನಲವತ್ತು ಮಂದಿಯ ಸಾಲಿತ್ತು. ಇನ್ನಾ ಹಣ್ಣಾಗಿಲ್ಲ. ಮೂರನೇ ವರ್ಷ ಅವನಿಗೆ ಕೂರಲಿಕ್ಕೂ ಜಾಗ ಸಿಗಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದ. ನಂದಕಿಶೋರ ಇನ್ನೊಬ್ಬರ ಕಣ್ಣಿನಿಂದ ತಲೆ ಎತ್ತದೆ ಅದೇ ಮಾತು ಹೇಳಿದ. ಮೂರರಲ್ಲಿ ಅವನನ್ನು ಈಗ ಹೆಚ್ಚು ಚುಚ್ಚುವುದು ಆ ಮೂರನೆಯದು.

ಕೊಳವೆಯೊಳಗಿಂದ ನೋಡಿದ ಹಾಗೆ. ಕಣ್ಣಿನ ಓದು ಓದಿದ ಯಾರಿಗಾದರೂ ಆ ಒಂದು ಮಾತು ಸಾಕಿತ್ತು. ಅದು ಪೊರೆಯಲ್ಲ, ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತ ಹೋಗುತ್ತದೆ. ಮೊದಲು ಮಗ್ಗುಲು ಹೋಗುತ್ತದೆ, ನಡುವಿನದು ಕೊನೆಗೆ. ನಂದಕಿಶೋರನ ತಾಯಿ ಮರಾಠಿಯಲ್ಲಿ ಅದನ್ನು ಕಾಚಬಿಂದು ಅನ್ನುತ್ತಿದ್ದಳು, ತನ್ನ ತಂದೆಯ ಕಣ್ಣನ್ನು ಅದೇ ತಿಂದದ್ದು ಎಂದು. ಅಂಥ ಮನೆಯಲ್ಲಿ ಹುಟ್ಟಿದವನು ಇವನು. ಒತ್ತಡ ಅಳೆಯುವ ಉಪಕರಣ ಅಂಗೈಯಗಲದ ಡಬ್ಬಿಯಲ್ಲಿ ಕಪಾಟಿನೊಳಗೇ ಇತ್ತು. ಹನಿ ಹಾಕಿ, ಮಲಗಿಸಿ, ಒಬ್ಬೊಬ್ಬರಿಗೆ ಐದು ನಿಮಿಷ ಬೇಕು. ದಿಲ್ಲಿಯಿಂದ ಬಂದ ಪುಸ್ತಕದಲ್ಲಿ ಅದರ ಬಗ್ಗೆ ಎರಡು ಪುಟ ಇದ್ದವು, ಓದಿದ್ದ, ತರಬೇತಿಯಲ್ಲಿ ಪರೀಕ್ಷೆ ಬರೆದು ಪಾಸಾಗಿದ್ದ. ತಿಂಗಳ ವರದಿಯಲ್ಲಿ ಮಾತ್ರ ಅದಕ್ಕೊಂದು ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ನೋಡುವ ಅಭ್ಯಾಸ ತಪ್ಪಿಹೋಗಿತ್ತು.

ಈಗ ಡಬ್ಬಿ ಹೊರಗೆ ತೆಗೆದ. ಇಪ್ಪತ್ತರ ಒಳಗಿರಬೇಕಾದ ಒತ್ತಡ ನಲವತ್ತಾರು ಇತ್ತು. ಬ್ಯಾಟರಿ ಬೆಳಕು ಬಿದ್ದರೂ ಪಾಪೆ ಕಿರಿದಾಗಲಿಲ್ಲ. ಒಳಗಿನ ನರ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಇದನ್ನು ಯಾವ ಡಾಕ್ಟರೂ ತೆಗೆಯಲಾರ, ಯಾವ ಹನಿಯೂ ತಿರುಗಿ ತರಲಾರದು ಎಂದು ತಿಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಆದರೂ ಬಾಗಲಕೋಟೆಯ ದೊಡ್ಡ ಡಾಕ್ಟರಿಗೆ ಚೀಟಿ ಬರೆದ. ಒಳಗಿನ ನರ ಒಣಗಿದೆ, ಆಪರೇಶನ್ನಿನಿಂದ ಬರುವಂಥದ್ದಲ್ಲ ಎಂದು ಸುತ್ತಿಬಳಸಿ ಹೇಳಿದ. ಮುರಗೆಪ್ಪನ ಮುಖದ ಮೇಲಿನ ಖುಷಿ ಒಮ್ಮೆಲೇ ಹೋಗಲಿಲ್ಲ, ಹೋಗಲು ಅದಕ್ಕೂ ದಾರಿ ತಿಳಿಯದ ಹಾಗೆ ಅಲ್ಲೇ ಸುಳಿದಾಡಿತು. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ನಾ ತಡಾ ಮಾಡಿದ್ನೇನ್ರಿ ಸಾಹೇಬ್ರ?"

ಸಂಧ್ಯಾ ನೋಡುತ್ತಿದ್ದಳು. ಹೊರಗೆ ಸಾಲು ಗದ್ದಲ ಮಾಡುತ್ತಿತ್ತು. ಗೋಡೆಯ ಮೇಲೆ ಪ್ರಶಂಸಾಪತ್ರ ಇತ್ತು. ನಿಜ ಹೇಳಲು ಬೇಕಾದದ್ದು ಎರಡು ಉಸಿರಿನಷ್ಟು ಧೈರ್ಯ, ಅದು ನಂದಕಿಶೋರನಲ್ಲಿ ಇರಲಿಲ್ಲ.

"ತುಸು ತಡಾ ಆತು ಕಾಕಾ," ಅಂದ.

ಮುರಗೆಪ್ಪ ತನ್ನ ತೊಡೆಯನ್ನು ತಾನೇ ಬಡಿದುಕೊಂಡ. ಗಾಣ ಜೋರು ನಡೆದಿದೆ ಎಂದು ಹದಿನೈದು ದಿನ ಮುಂದೂಡಿದ್ದನಂತೆ. ಆ ಹದಿನೈದು ದಿನವೇ ತನ್ನನ್ನು ತಿಂದವು, ಸಾಹೇಬರು ಮೂರು ವರ್ಷ ಹೇಳಿದರೂ ತನಗೆ ಹದ ತಿಳಿಯಲಿಲ್ಲ ಅಂದ. ಬೆಲ್ಲವನ್ನು ತಿರುಗಿ ಒಯ್ಯಿರಿ ಎಂದು ನಂದಕಿಶೋರ ಎಷ್ಟು ಹೇಳಿದರೂ ಕೇಳದೆ ಮೇಜಿನ ಮೇಲೆ ತಡವರಿಸಿ ಇಟ್ಟ. ಈ ರೋಗ ಒಡಹುಟ್ಟಿದವರಿಗೂ ಬರುತ್ತದೆ ಎನ್ನುವುದು ಅಷ್ಟರಲ್ಲಿ ನೆನಪಾಗಿ ನಂದಕಿಶೋರ ಕೇಳಿದರೆ, ಒಬ್ಬಳೇ ತಂಗಿ, ಮಾಯವ್ವ, ಅನಗವಾಡಿಗೆ ಕೊಟ್ಟಿದೆ ಅಂದ. ಅವಳಿಗೂ ಮಂಜು ಇದೆ, ಆದರೆ ನೀವೇ ಹೋದ ವರ್ಷ ನೋಡಿ ಹಣ್ಣಾಗಿಲ್ಲ ಅಂದಿದ್ದೀರಲ್ಲ, ಚಿಂತೆ ಇಲ್ಲ ಎಂದು ತಾನೇ ಸಮಾಧಾನ ಹೇಳಿ ಹೋದ.

ಇದು ಸಂಕ್ರಾಂತಿ ಮುಗಿದ ವಾರದ ಮಾತು. ನಂದಕಿಶೋರ ಅಂದೇ ಅನಗವಾಡಿಯ ಆಶಾ ಕಾರ್ಯಕರ್ತೆ ಶೈಲಾಳಿಗೆ ಫೋನು ಮಾಡಿ, ಮಾಯವ್ವನನ್ನು ದವಾಖಾನೆಗೆ ಕಳಿಸು ಅಂದ. ಶೈಲಾ ಎರಡು ಸಲ ಹೋಗಿ ಬಂದಳು. ಮಾಯವ್ವ ಜಗ್ಗಲಿಲ್ಲ. ಸಾಹೇಬರು ತಮ್ಮ ಬಾಯಿಂದ ಇನ್ನೂ ಹಣ್ಣಾಗಿಲ್ಲ ಅಂದಿದ್ದಾರೆ, ಅಣ್ಣ ಅಸಡ್ಡೆ ಮಾಡಿ ಕೆಡಿಸಿಕೊಂಡ, ತಾನು ಅಂಥವಳಲ್ಲ, ಹಣ್ಣಾದ ದಿನವೇ ಓಡಿ ಬರುತ್ತೇನೆ ಎಂಬುದು ಅವಳ ಉತ್ತರ. ಫೆಬ್ರುವರಿಯಲ್ಲಿ ಶೈಲಾ ಬೇಸತ್ತು ಹೇಳಿದಳು: "ಅದು ನಿಮ್ಮ ಮಾತು ರೀ ಸರ್. ನಿಮ್ಮ ಮಾತಿನ ಮುಂದ ನಂದು ನಡ್ಯಾಂಗಿಲ್ಲ. ನೀವಽ ಬಂದು, ತಪ್ಪ ಹೇಳಿದ್ನಿ ಅಂತ ಹೇಳ್ರಿ."

ಬರುತ್ತೇನೆ ಅಂದ. ಹೋಗಲಿಲ್ಲ. ಮಾರ್ಚಿಗೆ ವರ್ಷದ ಗುರಿ ಮುಗಿಸಬೇಕಿತ್ತು, ಏಪ್ರಿಲಿನಲ್ಲಿ ಮುಂದಿನ ಐದು ವರ್ಷದ ಯೋಜನೆಗೆ ಮಾಹಿತಿ ಕೊಡಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಅದೆಲ್ಲ ನೆಪ. ಅನಗವಾಡಿಯಲ್ಲಿ ಮುಂಜಾನೆ ತಪ್ಪೊಪ್ಪಿಕೊಂಡರೆ ಸಂಜೆಯೊಳಗೆ ಸುದ್ದಿ ಹುನ್ನೂರಿಗೆ ಮುಟ್ಟುತ್ತದೆ ಎನ್ನುವ ಅಂಜಿಕೆ ಅವನನ್ನು ಕಟ್ಟಿಹಾಕಿತ್ತು. ಬೆಲ್ಲದ ಪೆಂಟೆ ಮನೆಯಲ್ಲಿ ಹಾಗೇ ಇತ್ತು. ಹರ್ಷದಾ ಯಾಕೆ ಒಡೆಯಬಾರದು ಎಂದು ಕೇಳಿದರೆ ಸಿಡುಕುತ್ತಿದ್ದ.

ಏಪ್ರಿಲ್ ಕೊನೆಗೆ ಜಿಲ್ಲೆಯ ಯೋಜನಾ ಸಭೆ ಕೂಡಿತು. ಹುನ್ನೂರು ಪೊರೆಮುಕ್ತವಾದದ್ದು ಹೇಗೆಂದು ಉಳಿದ ತಾಲೂಕಿನವರಿಗೆ ವಿವರಿಸಲು ನಂದಕಿಶೋರನನ್ನೇ ನಿಲ್ಲಿಸಿದರು. ಪರದೆಯ ಮೇಲೆ ಊರಿನ ಹೆಸರು, ಅದರ ಮುಂದೆ, ಪೊರೆಯಿಂದ ಕುರುಡಾದವರು: ಸೊನ್ನೆ. ಅದು ಸುಳ್ಳಾಗಿರಲಿಲ್ಲ. ಮುರಗೆಪ್ಪ ಪೊರೆಯಿಂದ ಕುರುಡಾದವನಲ್ಲ. ಎರಡೂ ಕಣ್ಣು ಹೋದ ಮನುಷ್ಯ ಆ ಇಡೀ ಪರದೆಯಲ್ಲಿ ಎಲ್ಲಿಯೂ ಇರಲಿಲ್ಲ. ಆ ಸೊನ್ನೆ ನೋಡುತ್ತ ನಂದಕಿಶೋರ ವಿವರಣೆಯನ್ನು ಅರ್ಧಕ್ಕೇ ಬಿಟ್ಟ. ಕಣ್ಣಿನ ಒತ್ತಡಕ್ಕೂ ಒಂದು ಕಾಲಂ ಬೇಕು ಎಂದಷ್ಟೇ ಹೇಳಿ ಕೂತ. ಸಭೆ ನಡೆಸುತ್ತಿದ್ದ ಅಧಿಕಾರಿ ಒಳ್ಳೆಯವರೇ. ನಮೂನೆ ಮೇಲಿನಿಂದ ಬರುತ್ತದೆ, ಬರೆದುಕೊಡಿ, ಕಳಿಸುತ್ತೇವೆ ಅಂದರು. ಚಹಾ ಬಂತು. ನಂದಕಿಶೋರ ಕಪ್ಪನ್ನು ಮುಟ್ಟದೆ ಎದ್ದು, ತನ್ನ ಹಳೇ ಕಾರು ಹತ್ತಿ ನೇರ ಹುನ್ನೂರಿಗೆ ಬಂದ.

ಗಾಣದ ಮನೆಯಲ್ಲಿ ಆ ಹಂಗಾಮಿನ ಕೊನೆಯ ಕೊಪ್ಪರಿಗೆ ಕುದಿಯುತ್ತಿತ್ತು. ಮುರಗೆಪ್ಪ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಕಿವಿ ಆ ಕಡೆ ಕೊಟ್ಟಿದ್ದ. ಕಣ್ಣು ಹೋದರೂ ಅವನನ್ನು ಗಾಣದವರು ಬಿಟ್ಟಿರಲಿಲ್ಲ. ಕುದಿಯುವ ಸಪ್ಪಳ ದಪ್ಪವಾಗುತ್ತಿದ್ದಂತೆ ಕೈಚಾಚಿದ. ಒಬ್ಬ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಎತ್ತಿ ಅವನ ಬೆರಳಿಗಿಟ್ಟ. ಹೊಸಕಿ ನೋಡಿ ಬೇಡ ಅಂದ. ಎರಡನೇ ಸಲವೂ ಬೇಡ ಅಂದ. ಮೂರನೇ ಸಲ, ಇಳಿಸ್ರಿ ಅಂದ. ಅಲ್ಲಿಯ ತನಕ ನಂದಕಿಶೋರ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು, ಯಾರು ಬಂದದ್ದೆಂದು ತಿಳಿಸಿ, ಉಸಿರು ಬಿಡದೆ ಹೇಳಿ ಮುಗಿಸಿದ.

"ಕಾಕಾ, ನೀವು ತಡಾ ಮಾಡಿಲ್ಲ. ಮೂರ ವರ್ಷ ಮೊದಲಽ ಬಂದಿದ್ರಿ, ನಾ ನೋಡಲಿಲ್ಲ. ಅದು ಪೊರಿ ಅಲ್ಲ. ಹಣ್ಣಾಗೂ ಮಾತಽ ಅದಕ್ಕಿಲ್ಲ. ತಪ್ಪ ನಂದು."

ಮುರಗೆಪ್ಪನ ಬೆರಳ ನಡುವೆ ಪಾಕದ ಉಂಡೆ ಇನ್ನೂ ಇತ್ತು. ಅದನ್ನು ತಿರುವುತ್ತಲೇ ಇದ್ದ.

"ಆವಾಗ ನೋಡಿದ್ರ ಉಳೀತಿತ್ತೇನ್ರಿ?"

"ಹೋದದ್ದು ತಿರುಗಿ ಬರತಿರಲಿಲ್ಲ. ಇದ್ದದ್ದು ಉಳೀತಿತ್ತು. ದಿನಾ ಹನಿ ಹಾಕ್ಕೋಬೇಕಿತ್ತು, ಅಷ್ಟಽ."

"ಎಷ್ಟಿತ್ರಿ ಆವಾಗ?"

ನಂದಕಿಶೋರ ಎದುರಿಗೆ ನೋಡಿದ. "ಈ ಕೊಪ್ಪರಿಗಿ ಕಾಣೂವಷ್ಟಿತ್ತು ಕಾಕಾ. ಅದರ ಸುತ್ತ ನಿಂತ ಮಂದೀದು ಮಾರಿ ಕಾಣೂವಷ್ಟು."

ಬೈಯುತ್ತಾನೆ ಎಂದು ನಂದಕಿಶೋರ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುರಗೆಪ್ಪ ಉಂಡೆಯನ್ನು ಕಟ್ಟೆಯ ಮೇಲಿಟ್ಟು, ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಕಣ್ಣು ಸತ್ತರೂ ಅದರಿಂದ ನೀರು ಬರುವುದು ನಿಲ್ಲುವುದಿಲ್ಲ. ಅದನ್ನೂ ಒರೆಸಿಕೊಂಡ. ಆಮೇಲೆ ಒಮ್ಮೆಲೇ ಅವನ ಬೆನ್ನು ನೆಟ್ಟಗಾಯಿತು.

"ಮಾಯವ್ವಂದೂ ಇದಽ ಏನ್ರಿ?"

"ನೋಡಿದ ಮ್ಯಾಲ ತಿಳೀತದ. ನಾ ಕರದ್ರ ಬರವಲ್ಲರು."

"ಮತ್ತ ಇಲ್ಯಾಕ ಕುಂತೀರಿ? ಏಳ್ರಿ."

ಇಬ್ಬರೂ ಕಾರು ಹತ್ತಿ, ಬೀಳಗಿ ದಾಟಿ ಅನಗವಾಡಿ ಮುಟ್ಟಿದರು. ಮಾಯವ್ವ ಅಂಗಳದಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಳು. ಮುರಗೆಪ್ಪ ಅವಳ ತಲೆ ಎಲ್ಲಿದೆ ಎಂದು ಕೈಯಿಂದ ಹುಡುಕಿ, ಸಾಹೇಬ್ರು ಹೇಳಿದಂಗ ಕೇಳು ತಂಗಿ, ಹಣ್ಣಾಗೂತನಕ ಕಾಯೂ ಬ್ಯಾನಿ ಅಲ್ಲ ಇದು ಅಂದ. ಅಣ್ಣನ ಮಾತಿಗೆ ಅವಳು ಎದುರಾಡಲಿಲ್ಲ. ನಂದಕಿಶೋರ ಮೂರು ಮೀಟರು ದೂರ ನಿಂತು ಬೆರಳು ತೋರಿಸಿದ. ಮೂರು, ಒಂದು, ನಾಲ್ಕು, ಎಲ್ಲ ಸರಿ ಹೇಳಿ ಅಭಿಮಾನದಿಂದ ನಕ್ಕಳು. ಹೋದ ವರ್ಷವೂ ಹೀಗೇ ನಕ್ಕಿದ್ದಳೇನೋ. ಈ ಸಲ ಅವನು ಹತ್ತಿರ ಕೂತು, ನನ್ನ ಮೂಗನ್ನೇ ನೋಡ್ರಿ ಎಂದು ಹೇಳಿ, ಮಗ್ಗುಲಿನಿಂದ ಕೈಯನ್ನು ಮೆಲ್ಲಗೆ ತಂದ. ಕೈ ಅವನ ಕೆನ್ನೆಯ ಹತ್ತಿರ ಬರುವವರೆಗೆ ಅವಳಿಗೆ ಕಾಣಲಿಲ್ಲ. ಅದು ಬಲಗಣ್ಣಿನ ಸ್ಥಿತಿ. ಎಡಗಣ್ಣಿಗೆ ಬ್ಯಾಟರಿ ಬಿಟ್ಟರೆ, ಬಿಟ್ಟದ್ದೇ ಅವಳಿಗೆ ಗೊತ್ತಾಗಲಿಲ್ಲ. ಇದು ಯಾವಾಗ ಹೋಯಿತು ಎಂದು ಕೇಳಿದ.

"ಉಗಾದಿ ಮುಂದ ಹೋತ್ರಿ," ಅಂದಳು ಮಾಯವ್ವ. "ಒಂದಾದ್ರೂ ಹಣ್ಣಾತಲ್ಲ ಅಂತ ಸಮಾಧಾನ ಆತು. ಇನ್ನೊಂದೂ ಆಗಲಿ, ಎರಡೂ ಕೂಡೇ ತಗಿಸಿದ್ರಾತು ಅಂತ ಕುಂತೆ."

ಶೈಲಾ ಹೋಗಿಬಂದದ್ದು ಜನವರಿಯಲ್ಲಿ, ಫೆಬ್ರುವರಿಯಲ್ಲಿ. ಉಗಾದಿ ಮಾರ್ಚಿನಲ್ಲಿ. ಮುರಗೆಪ್ಪನ ಕಣ್ಣು ಹೋದದ್ದಕ್ಕೆ ಕೊನೆಗೆ ಸಾಲಿತ್ತು, ಅವಸರವಿತ್ತು, ಕಾಲಂ ಇರಲಿಲ್ಲ ಎನ್ನಬಹುದು. ಮಾಯವ್ವನ ಎಡಗಣ್ಣು ಹೋದದ್ದು ಒಬ್ಬ ಮನುಷ್ಯನ ಅಂಜಿಕೆಯಿಂದ. ನಂದಕಿಶೋರ ಕಾರಿನಲ್ಲಿಟ್ಟುಕೊಂಡಿದ್ದ ಡಬ್ಬಿ ತಂದ. ಆಮೇಲೆ ಒತ್ತಡ ಅಳೆದು, ಹನಿ ಹಾಕಿ, ಅಣ್ಣ ತಂಗಿ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಾಗಲಕೋಟೆಗೆ ಹೊರಟ. ಬಲಗಣ್ಣಿನಲ್ಲಿ ಉಳಿದದ್ದು ಉಳಿಯುತ್ತದೆ, ದಿನಕ್ಕೆರಡು ಸಲ ಹನಿ ತಪ್ಪಿಸಬಾರದು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಉಳಿದದ್ದೆಂದರೆ ಬಾಗಿಲ ಸಂದಿಯಷ್ಟು ಜಗತ್ತು.

ತಿರುಗಿ ಬರುವಾಗ ನಂದಕಿಶೋರ ತನ್ನ ನಿರ್ಧಾರ ತಿಳಿಸಿದ. ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದುಕೊಡುತ್ತೇನೆ, ಹುನ್ನೂರಿನ ಮುಂದಿನ ಶಿಬಿರದಲ್ಲಿ ಎಲ್ಲರ ಎದುರಿಗೆ ನಿಂತು ತಪ್ಪು ನನ್ನದು ಎಂದು ಹೇಳುತ್ತೇನೆ ಅಂದ.

"ಬರಕೊಡೂದು ಬರಕೊಡ್ರಿ. ಮಂದಿ ಮುಂದ ಬ್ಯಾಡ," ಅಂದ ಮುರಗೆಪ್ಪ. "ನಿಮ್ಮ ಮಾತಿಗೆ ಮಂದಿ ಬರತಾರ. ಸಾಹೇಬ್ರ ತಪ್ಪಿದ್ರು ಅಂದ್ರ ನಾಳೆ ಒಬ್ರೂ ಬರಂಗಿಲ್ಲ. ಮುರಗ್ಯಾ ತಡಾ ಮಾಡಿ ಕೆಟ್ಟ ಅಂದ್ರ ಎಲ್ಲಾರೂ ಲಗೂನ ಬರತಾರ. ಅದಕ್ಕ, ನಾನಽ ತಡಾ ಮಾಡೇನಿ. ಹಂಗಽ ಇರಲಿ."

ನಂದಕಿಶೋರನಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಬೇಡ ಅನ್ನುವ ಹಕ್ಕು ತನಗೆ ಉಳಿದಿದೆಯೆಂದೂ ಅನ್ನಿಸಲಿಲ್ಲ. ಪತ್ರ ಬರೆದು ಕಳಿಸಿದ. ಎರಡು ತಿಂಗಳ ಮೇಲೆ, ಇನ್ನು ಮುಂದೆ ಜಾಗ್ರತೆ ವಹಿಸತಕ್ಕದ್ದು ಎಂಬ ಒಂದು ಸಾಲಿನ ಉತ್ತರ ಬಂತು. ನಮೂನೆಯಲ್ಲಿ ಕಾಲಂ ಇನ್ನೂ ಬಂದಿಲ್ಲ. ತನ್ನ ರಿಜಿಸ್ಟರಿನಲ್ಲಿ ಅವನು ಪಟ್ಟಿ ಹಿಡಿದು ಒಂದು ಗೆರೆ ಎಳೆದುಕೊಂಡಿದ್ದಾನೆ. ಗೋಡೆಯ ಮೇಲಿದ್ದ ಪ್ರಶಂಸಾಪತ್ರ ಈಗ ಕಪಾಟಿನಲ್ಲಿ, ಒತ್ತಡ ಅಳೆಯುವ ಡಬ್ಬಿ ಇದ್ದ ಜಾಗದಲ್ಲಿದೆ.

ಈಗ ಹುನ್ನೂರ ಶಾಲೆಯಲ್ಲಿ ಶಿಬಿರ ಇದ್ದ ದಿನ ಮುರಗೆಪ್ಪ ಎಲ್ಲರಿಗಿಂತ ಮೊದಲು ಬಂದು ಪಡಸಾಲೆಯ ಬೆಂಚಿನ ಮೇಲೆ ಕೂರುತ್ತಾನೆ. ಅದೇ ಹಳದಿ ರುಮಾಲು, ಒಗೆದ ಧೋತರ. ಒಳಗೆ ನಂದಕಿಶೋರ ಒಬ್ಬೊಬ್ಬರನ್ನೂ ಮಲಗಿಸಿ, ಹನಿ ಹಾಕಿ, ಐದೈದು ನಿಮಿಷ ಕೊಟ್ಟು ಒತ್ತಡ ನೋಡುತ್ತಾನೆ. ಸಾಲು ನಿಧಾನ, ಮಂದಿ ಗೊಣಗುತ್ತಾರೆ. ಹೊರಗೆ ಮುರಗೆಪ್ಪ ಅವರಿಗೆ ತನ್ನ ಕತೆ ಹೇಳುತ್ತ ಕೂತಿರುತ್ತಾನೆ. ಕಿಟಕಿ ತೆರೆದೇ ಇರುವುದರಿಂದ ಒಂದೊಂದು ಅಕ್ಷರವೂ ಒಳಗೆ ಕೇಳಿಸುತ್ತದೆ. ಎದ್ದು ಅದನ್ನು ಮುಚ್ಚಬೇಕೆಂದು ನಂದಕಿಶೋರನಿಗೆ ಪ್ರತಿ ಸಲ ಅನ್ನಿಸುತ್ತದೆ. ಇದುವರೆಗೆ ಮುಚ್ಚಿಲ್ಲ.

ಮೊನ್ನೆ ಶಿಬಿರದಲ್ಲಿ ಹೊಸಬನೊಬ್ಬ ಮುರಗೆಪ್ಪನನ್ನು ಕೇಳುತ್ತಿದ್ದ, ಆವಾಗ ಸಾಹೇಬರು ನಿನಗೇನೂ ಹೇಳಲಿಲ್ಲವೇ ಎಂದು. ಹನಿ ಹಿಡಿದಿದ್ದ ನಂದಕಿಶೋರನ ಕೈ ನಿಂತಿತು.

"ಪಾಪ, ಅವ್ರ ಹೇಳಿದ್ರಪ್ಪ," ಅಂದ ಮುರಗೆಪ್ಪ. "ಮೂರ ವರ್ಷ ಹೇಳಿದ್ರು, ಲಗೂನ ಬಾ, ಲಗೂನ ಬಾ ಅಂತ. ನಾನಽ ಹೋಗಲಿಲ್ಲ."